ಒಬ್ಬರು ಹೇಳಿ, ಇನ್ನೊಬ್ಬರು ಬರೆದು: ಡಿಕ್ಟೇಶನ್ ಯಂತ್ರದ ಕಥೆ

ವ್ಯಾಸರು ಹೇಳಿದರು, ಗಣಪತಿ ಬರೆದುಕೊಂಡ, ಮಹಾಭಾರತ ಸಿದ್ಧವಾಯಿತು. ಈ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಪುಣೆಯ ಭಾಂಡಾರಕರ ಸಂಶೋಧನ ಮಂದಿರದ ವಿದ್ವಾಂಸರು ತಮ್ಮ ಪರಿಷ್ಕೃತ ಆವೃತ್ತಿಯಲ್ಲಿ ಈ ಪ್ರಸಂಗವನ್ನು ಪ್ರಕ್ಷಿಪ್ತವೆಂದು ಬಗೆದು ಅನುಬಂಧಕ್ಕೆ ಸರಿಸಿದ್ದಾರೆ, ನಿಜ. ಆದರೂ ಕಛೇರಿಗಳಲ್ಲಿ ಆಯುಷ್ಯ ಕಳೆಯುವ ನಮ್ಮಂಥ ಗುಮಾಸ್ತರಿಗೆ ಇದು ಸುಲಭವಾಗಿ ಬಿಟ್ಟುಕೊಡುವ ಕಥೆಯಲ್ಲ. ಯಾಕೆಂದರೆ ಇದರಲ್ಲಿ ಎರಡು ಕರಾರುಗಳಿವೆ. ತನ್ನ ಲೇಖನಿ ನಿಲ್ಲದಂತೆ ಹೇಳುತ್ತ ಹೋಗಬೇಕು ಎಂಬುದು ಗಣಪತಿಯ ಕರಾರು. ಅರ್ಥ ಮಾಡಿಕೊಳ್ಳದೆ ಒಂದಕ್ಷರವನ್ನೂ ಬರೆಯಕೂಡದು ಎಂಬುದು ವ್ಯಾಸರ ಕರಾರು. ನಮ್ಮ ಗದುಗಿನ ಕುಮಾರವ್ಯಾಸನೂ ಕಾವ್ಯದ ಕರ್ತೃತ್ವವನ್ನು ವೀರನಾರಾಯಣನಿಗೆ ಒಪ್ಪಿಸಿ, ತಾನು ಬರೆದುಕೊಳ್ಳುವವನ ಜಾಗದಲ್ಲಿ ಕುಳಿತವನು. ಬರೆದುಕೊಳ್ಳುವ ಕೆಲಸವನ್ನು ಕೀಳೆಂದು ಎಣಿಸಿದ ಪರಂಪರೆ ನಮ್ಮದಲ್ಲ.

ಇಂದು ದೊಡ್ಡ ವಕೀಲರ ಸಂಸ್ಥೆಗಳಲ್ಲಿ, ಆಸ್ಪತ್ರೆಗಳಲ್ಲಿ, ಲೆಕ್ಕಪರಿಶೋಧಕರ ಕಛೇರಿಗಳಲ್ಲಿ ‘ಡಿಜಿಟಲ್ ಡಿಕ್ಟೇಶನ್’ ಎಂಬ ತಂತ್ರಾಂಶಗಳು ಕೆಲಸ ಮಾಡುತ್ತಿವೆ. ಅವುಗಳ ಹಿಂದೆ ಸುಮಾರು 150 ವರ್ಷಗಳ ಇತಿಹಾಸವಿದೆ. ಅಷ್ಟು ವರ್ಷಗಳಲ್ಲಿ ಯಂತ್ರಗಳು ಗಣಪತಿಯ ಕರಾರನ್ನು ಹೇಗೆ ಪೂರೈಸಿದವು, ವ್ಯಾಸರ ಕರಾರಿನ ಗತಿ ಏನಾಯಿತು ಎಂಬುದನ್ನು ಇಲ್ಲಿ ಸ್ಥೂಲವಾಗಿ ನೋಡೋಣ.

ಶೀಘ್ರಲಿಪಿಯ ಕಾಲ

ಮನುಷ್ಯ ಸಹಜವಾಗಿ ಮಾತಾಡುವಾಗ ನಿಮಿಷಕ್ಕೆ ನೂರಿಪ್ಪತ್ತು, ನೂರೈವತ್ತು ಪದಗಳನ್ನು ಆಡುತ್ತಾನೆ. ಕೈಬರಹದ ವೇಗ ಅದರ ಕಾಲುಭಾಗವನ್ನೂ ಮುಟ್ಟುವುದು ಕಷ್ಟ. ಈ ಅಂತರವನ್ನು ತುಂಬಲು ಮೊದಲು ಬಂದದ್ದು ಯಂತ್ರವಲ್ಲ, ಲಿಪಿ. ರೋಮಿನ ವಾಗ್ಮಿ ಸಿಸೆರೋನ ಬಳಿ ಟೈರೋ ಎಂಬ ಗುಲಾಮನಿದ್ದ. ಮುಂದೆ ಸಿಸೆರೋ ಅವನಿಗೆ ಬಿಡುಗಡೆ ಕೊಟ್ಟ. ಮಾತನ್ನು ಸಂಕ್ಷೇಪವಾಗಿ ಬರೆದುಕೊಳ್ಳುವ ಚಿಹ್ನೆಗಳ ಒಂದು ಪದ್ಧತಿಗೆ ಇಂದಿಗೂ ಅವನ ಹೆಸರೇ ಅಂಟಿಕೊಂಡಿದೆ.

ಆಧುನಿಕ ಕಛೇರಿಗಳ ಶೀಘ್ರಲಿಪಿ 1837ರದು. ಆ ವರ್ಷ ಇಂಗ್ಲೆಂಡಿನ ಶಾಲಾ ಉಪಾಧ್ಯಾಯ ಐಸಾಕ್ ಪಿಟ್ಮನ್ ತಮ್ಮ ಪದ್ಧತಿಯ ಪುಸ್ತಕವನ್ನು ಪ್ರಕಟಿಸಿದರು. 1840ರಲ್ಲಿ ಒಂದು ಪೆನ್ನಿಯ ಅಂಚೆ ಆರಂಭವಾದದ್ದೇ ತಡ, ಅಂಚೆಯ ಮೂಲಕ ಪಾಠ ಹೇಳಲೂ ತೊಡಗಿದರು. ಪಿಟ್ಮನ್‌ರ ಲಿಪಿಯಲ್ಲಿ ಕಾಗುಣಿತಕ್ಕೆ ಬೆಲೆಯಿಲ್ಲ, ಉಚ್ಚಾರಕ್ಕೆ ಮಾತ್ರ ಬೆಲೆ. ಪ ಎಂಬುದಕ್ಕೆ ತೆಳು ಗೆರೆ, ಬ ಎಂಬುದಕ್ಕೆ ಅದೇ ಗೆರೆ ದಪ್ಪ. ಹಾಗೆಯೇ ಕ-ಗ, ಚ-ಜ. ನಮ್ಮ ವರ್ಗಾಕ್ಷರಗಳ ಒಂದನೆಯ ಮತ್ತು ಮೂರನೆಯ ಅಕ್ಷರಗಳ ಸಂಬಂಧವೇ ಇದು ಎಂಬುದನ್ನು ಕನ್ನಡದ ಮಗು ಕೂಡ ಗುರುತಿಸೀತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವೇಗವಾಗಿ ಬರೆಯುವಾಗ ಶೀಘ್ರಲಿಪಿಗಾರರು ಸ್ವರಗಳನ್ನು ಬಹುಮಟ್ಟಿಗೆ ಕೈಬಿಡುತ್ತಾರೆ. ಕಾಗದದ ಮೇಲೆ ಉಳಿಯುವುದು ವ್ಯಂಜನಗಳ ಅಸ್ಥಿಪಂಜರ ಮಾತ್ರ. ಅದಕ್ಕೆ ಮಾಂಸ ತುಂಬಿ ಓದಬೇಕಾದರೆ ವಿಷಯ ತಿಳಿದಿರಬೇಕು. ಅಂದರೆ ಈ ಲಿಪಿಯ ರಚನೆಯೊಳಗೇ ವ್ಯಾಸರ ಕರಾರು ಅಡಗಿತ್ತು. ಅರ್ಥವಾಗದ್ದನ್ನು ಬರೆದುಕೊಂಡವರಿಗೆ ಅದನ್ನು ಮತ್ತೆ ಓದಲು ಬರುತ್ತಿರಲಿಲ್ಲ.

ಎಡಿಸನ್ನರ ಲೆಕ್ಕ ತಪ್ಪಿದ್ದು

1877ರಲ್ಲಿ ಥಾಮಸ್ ಆಲ್ವಾ ಎಡಿಸನ್ ಧ್ವನಿಯನ್ನು ತವರದ ಹಾಳೆಯ ಮೇಲೆ ಕೊರೆದು, ಮತ್ತೆ ಅದರಿಂದ ಮಾತು ಹೊರಡಿಸಿ ಜಗತ್ತನ್ನು ಬೆರಗುಗೊಳಿಸಿದರು. ಮಾರನೆಯ ವರ್ಷ ಒಂದು ಪತ್ರಿಕೆಯಲ್ಲಿ ಲೇಖನ ಬರೆದು, ಈ ಫೋನೋಗ್ರಾಫಿನಿಂದ ಏನೇನು ಉಪಯೋಗವೆಂದು ಪಟ್ಟಿ ಮಾಡಿದರು. ಪಟ್ಟಿಯ ಮೊದಲನೆಯ ಸ್ಥಾನದಲ್ಲಿದ್ದುದು ಪತ್ರಲೇಖನ. ಅದೂ ಶೀಘ್ರಲಿಪಿಗಾರರ ಹಂಗಿಲ್ಲದೆ. ಸಂಗೀತಕ್ಕೆ ಸಿಕ್ಕಿದ್ದು ನಾಲ್ಕನೆಯ ಸ್ಥಾನ. ಗ್ರಾಮಫೋನಿನಲ್ಲಿ ಹಾಡು ಕೇಳಿದ ತಲೆಮಾರುಗಳಿಗೆ ಇದು ವಿಚಿತ್ರವೆನಿಸಬಹುದು. ಆದರೆ ಆ ಯಂತ್ರವು ಹುಟ್ಟಿದ್ದು ಗುಮಾಸ್ತನಾಗಿ, ಗಾಯಕನಾಗಿ ಅಲ್ಲ.

ತವರದ ಹಾಳೆ ಬಾಳಿಕೆಗೆ ಬಾರದು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಪ್ರಯೋಗಶಾಲೆಯಲ್ಲಿ ಚಿಚೆಸ್ಟರ್ ಬೆಲ್ ಮತ್ತು ಚಾರ್ಲ್ಸ್ ಟೇಂಟರ್ ಅದರ ಬದಲಿಗೆ ಮೇಣವನ್ನು ಉಪಯೋಗಿಸಿ 1886ರಲ್ಲಿ ಹಕ್ಕುಪತ್ರ ಪಡೆದರು. ಅವರ ಗ್ರಾಫೋಫೋನ್ ಯಂತ್ರವನ್ನು ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿದು ನಡೆಸಬೇಕಾಗಿತ್ತು. 1888ರಲ್ಲಿ ಜೆಸ್ಸಿ ಲಿಪಿನ್‌ಕಾಟ್ ಎಂಬ ಉದ್ಯಮಿ ಬೆಲ್ ಪಂಗಡದ್ದನ್ನೂ ಎಡಿಸನ್ ಪಂಗಡದ್ದನ್ನೂ ಒಟ್ಟುಗೂಡಿಸಿ ಕಂಪನಿ ಕಟ್ಟಿದರು. ವರ್ಷಕ್ಕೆ 40 ಡಾಲರ್ ಬಾಡಿಗೆಗೆ ಯಂತ್ರಗಳನ್ನು ಕಛೇರಿಗಳಿಗೆ ಕೊಡುವ ಏರ್ಪಾಡು ಅದು. ಯಂತ್ರಗಳು ಕೆಡುತ್ತಿದ್ದವು, ಮಾತು ಸ್ಪಷ್ಟವಿರಲಿಲ್ಲ, ಅನ್ನಕ್ಕೆ ಸಂಚಕಾರ ಬಂತೆಂದು ಶೀಘ್ರಲಿಪಿಗಾರರೂ ಎದುರು ನಿಂತರು. 1894ರಲ್ಲಿ ಆ ಕಂಪನಿ ದಿವಾಳಿಯೆದ್ದಿತು.

ಅಷ್ಟರಲ್ಲಿ, 1889ರಲ್ಲೇ, ಸ್ಯಾನ್‌ಫ್ರಾನ್ಸಿಸ್ಕೋದ ಒಂದು ಪಾನಗೃಹದಲ್ಲಿ ಲೂಯಿ ಗ್ಲಾಸ್ ಎಂಬುವರು ಯಂತ್ರಕ್ಕೆ ನಾಣ್ಯ ಹಾಕುವ ಕಂಡಿಯನ್ನು ಜೋಡಿಸಿ ಹಾಡು ಕೇಳಿಸಲು ಆರಂಭಿಸಿದ್ದರು. ಕಛೇರಿಯಲ್ಲಿ ಸೋತ ಗುಮಾಸ್ತ ಪಾನಗೃಹದಲ್ಲಿ ಗಾಯಕನಾಗಿ ಗೆದ್ದ. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಈ ಬಾಡಿಗೆಯ ವ್ಯಾಪಾರದಲ್ಲಿ ಉಳಿದುಕೊಂಡ ಪ್ರಾಂತೀಯ ಕಂಪನಿಗಳಲ್ಲಿ ಮುಖ್ಯವಾದದ್ದು ವಾಷಿಂಗ್ಟನ್ನಿನ ಕೊಲಂಬಿಯಾ. ಮುಂದೆ ಗ್ರಾಮಫೋನ್ ತಟ್ಟೆಗಳಿಂದ ಮನೆಮಾತಾದ ಹೆಸರು ಇದೇ. ಅದನ್ನು ಕಟ್ಟಿದ ಎಡ್ವರ್ಡ್ ಈಸ್ಟನ್ ಮೂಲತಃ ನ್ಯಾಯಾಲಯದ ಶೀಘ್ರಲಿಪಿಗಾರ. ಅದರ ಆರಂಭದ ಗಿರಾಕಿಗಳಲ್ಲಿ ರಾಜಧಾನಿಯ ಸರಕಾರಿ ಕಛೇರಿಗಳೂ ಇದ್ದವು. ಯಂತ್ರವನ್ನು ಸರಿಯಾಗಿ ದುಡಿಸಿಕೊಳ್ಳಲು ಅದರಿಂದ ಅನ್ನ ಕಳೆದುಕೊಳ್ಳಬೇಕಾಗಿದ್ದ ವೃತ್ತಿಯವರೇ ಬೇಕಾಯಿತು.

ಮೇಣದಿಂದ ಕ್ಯಾಸೆಟ್ಟಿಗೆ

1907ರಲ್ಲಿ ಕೊಲಂಬಿಯಾದವರು ‘ಡಿಕ್ಟಾಫೋನ್’ ಎಂಬ ಹೆಸರನ್ನು ನೋಂದಾಯಿಸಿದರು. ಎಡಿಸನ್ನರದು ಮುಂದೆ ‘ಎಡಿಫೋನ್’ ಎನಿಸಿತು. ಈ ಪದ್ಧತಿಗೆ ಮೂರು ಯಂತ್ರಗಳು ಬೇಕಾಗುತ್ತಿದ್ದವು: ಸಾಹೇಬರು ಮಾತಾಡಲು ಒಂದು, ಬೆರಳಚ್ಚುಗಾರರು ಕಿವಿಗೆ ನಳಿಗೆ ಸಿಕ್ಕಿಸಿಕೊಂಡು ಕೇಳಲು ಒಂದು, ಕೆಲಸ ಮುಗಿದ ಮೇಲೆ ಮೇಣದ ಉರುಳೆಯ ಮೇಲ್ಪದರವನ್ನು ಹೆರೆದು ಮತ್ತೆ ಹೊಸದಾಗಿಸಲು ಇನ್ನೊಂದು. ನಮ್ಮ ಶಾಲೆಯ ಸ್ಲೇಟನ್ನು ಒರೆಸಿದಂತೆ ಉರುಳೆಯನ್ನು ಹೆರೆಯುತ್ತಿದ್ದರು.

ಈ ಯಂತ್ರದಿಂದ ಕಛೇರಿಯ ಕೋಣೆ ಎರಡಾಯಿತು. ಅಲ್ಲಿಯವರೆಗೆ ಹೇಳುವವರೂ ಬರೆಯುವವರೂ ಒಂದೇ ಮೇಜಿನ ಎರಡು ಬದಿಗೆ ಕೂರುತ್ತಿದ್ದರು. ಈಗ ಹೇಳುವವರು ಒಂದು ಕೋಣೆಯಲ್ಲಿ, ಕೇಳುವವರು ಇನ್ನೊಂದರಲ್ಲಿ. ಹಲವು ಅಧಿಕಾರಿಗಳ ಉರುಳೆಗಳು ಒಂದೇ ಕಡೆ ಬಂದು ಬೀಳುವ ‘ಟೈಪಿಂಗ್ ಪೂಲ್’ ಬೆಳೆಯಿತು. ಅಲ್ಲಿ ಕುಳಿತವರು ಹೆಚ್ಚಾಗಿ ಹೆಂಗಸರು. ಯಾರ ಧ್ವನಿಯನ್ನು ಕೇಳುತ್ತಿದ್ದರೋ ಅವರ ಮುಖವನ್ನು ಎಷ್ಟೋ ಸಲ ಅವರು ಕಾಣುತ್ತಲೇ ಇರಲಿಲ್ಲ.

ಇದರ ತೊಡಕನ್ನು ಕಾದಂಬರಿಕಾರ ಬ್ರಾಮ್ ಸ್ಟೋಕರ್ ಬಹಳ ಮುಂಚೆಯೇ ಕಂಡಿದ್ದರು. 1897ರ ‘ಡ್ರಾಕುಲಾ’ದಲ್ಲಿ ಒಬ್ಬ ವೈದ್ಯ ತನ್ನ ದಿನಚರಿಯನ್ನು ಮೇಣದ ಉರುಳೆಗಳಲ್ಲಿ ತಿಂಗಳುಗಟ್ಟಲೆ ತುಂಬುತ್ತಾನೆ. ಬೇಕಾದ ಭಾಗವನ್ನು ಅದರಲ್ಲಿ ಹುಡುಕುವುದು ಹೇಗೆಂಬುದು ಅವನಿಗೆ ಹೊಳೆದೇ ಇರುವುದಿಲ್ಲ. ಕೊನೆಗೆ ಮೀನಾ ಎಂಬಾಕೆ ಕುಳಿತು ಎಲ್ಲವನ್ನೂ ಕೇಳಿ ಟೈಪು ಮಾಡಿದ ಮೇಲೆಯೇ ಅದು ಉಪಯೋಗಕ್ಕೆ ಬರುತ್ತದೆ. ಸದ್ದು ಸೆರೆಯಾದರೆ ಸಾಲದು, ಕೇಳಿ ಬರೆಯುವ ಒಬ್ಬರು ಬೇಕು.

ಮುಂದಿನ ಬದಲಾವಣೆಗಳು ಬೇಗ ಬೇಗ ಬಂದವು. 1947ರಲ್ಲಿ ಮೇಣದ ಬದಲು ಪ್ಲಾಸ್ಟಿಕ್ಕಿನ ‘ಡಿಕ್ಟಾಬೆಲ್ಟ್’ ಬಂತು. ಡೆನ್ಮಾರ್ಕಿನ ವಾಲ್ಡೆಮಾರ್ ಪೌಲ್ಸೆನ್ 1898ರಲ್ಲೇ ಉಕ್ಕಿನ ತಂತಿಯ ಮೇಲೆ ಕಾಂತಶಕ್ತಿಯಿಂದ ಧ್ವನಿಯನ್ನು ಹಿಡಿದಿದ್ದರು. ಆ ತತ್ವ ಫಲಿಸಿ 1963ರಲ್ಲಿ ಫಿಲಿಪ್ಸ್ ಕಂಪನಿಯ ಕ್ಯಾಸೆಟ್, 1967ರಲ್ಲಿ ಅದೇ ಕಂಪನಿಯ ಮಿನಿ ಕ್ಯಾಸೆಟ್, 1969ರಲ್ಲಿ ಜಪಾನಿನ ಒಲಿಂಪಸ್ ಕಂಪನಿಯ ಮೈಕ್ರೋ ಕ್ಯಾಸೆಟ್ ಹೊರಬಂದವು. ಕೇಳುವವರ ಕೈಗಳು ಟೈಪು ಯಂತ್ರದ ಮೇಲಿರಬೇಕಾದ್ದರಿಂದ ಧ್ವನಿಯನ್ನು ನಿಲ್ಲಿಸುವ, ಹಿಂದೆ ಸರಿಸುವ ಕೆಲಸ ಕಾಲಿಗೆ ಬಂತು. ಮೇಜಿನ ಕೆಳಗಿನ ಆ ಪೆಡಲ್ ಈ ವೃತ್ತಿಯ ಗುರುತೇ ಆಯಿತು.

ಆ ಪೆಡಲ್ ಒಮ್ಮೆ ಜಗತ್ತಿನ ಸುದ್ದಿಯಾದದ್ದೂ ಉಂಟು. ಅಮೆರಿಕದ ಅಧ್ಯಕ್ಷ ನಿಕ್ಸನ್ 1972ರ ಜೂನ್ 20ರಂದು ಆಡಿದ ಮಾತುಕತೆಯ ಧ್ವನಿಸುರುಳಿಯಲ್ಲಿ ಹದಿನೆಂಟೂವರೆ ನಿಮಿಷ ಬರೀ ಗುಂಯ್‌ಗುಟ್ಟುವ ಸದ್ದು. ಅವರ ಕಾರ್ಯದರ್ಶಿ ರೋಸ್ ಮೇರಿ ವುಡ್ಸ್ 1973ರಲ್ಲಿ ನ್ಯಾಯಾಲಯದ ಮುಂದೆ, ಟೆಲಿಫೋನ್ ತೆಗೆದುಕೊಳ್ಳುವಾಗ ತಪ್ಪು ಗುಂಡಿ ಒತ್ತಿ ಕಾಲನ್ನು ಪೆಡಲಿನ ಮೇಲೆಯೇ ಇಟ್ಟಿದ್ದಿರಬಹುದು, ಆದರೆ ಅದರಿಂದ ಅಳಿಸಿದ್ದು ಸುಮಾರು ಐದು ನಿಮಿಷ ಮಾತ್ರ ಎಂದರು. ತಜ್ಞರ ಸಮಿತಿಯು 1974ರಲ್ಲಿ ಪರೀಕ್ಷಿಸಿ, ಅಲ್ಲಿ ಕನಿಷ್ಠ ಐದು ಬಾರಿ ಬೇರೆ ಬೇರೆಯಾಗಿ ಅಳಿಸಲಾಗಿದೆ ಎಂದು ಕಂಡುಕೊಂಡಿತು. ಅಳಿಸಿದವರಾರು ಎಂಬುದು ಇತ್ಯರ್ಥವಾಗಲಿಲ್ಲ. ಪತ್ರಿಕೆಗಳಲ್ಲಿ ಫೋಟೋ ಬಂದದ್ದು ಮಾತ್ರ, ಒಂದು ಕೈ ಟೆಲಿಫೋನಿಗೂ ಒಂದು ಕಾಲು ಪೆಡಲಿಗೂ ಚಾಚಿದ ಆ ಹೆಣ್ಣುಮಗಳದು. ಮಾತು ಸಾಹೇಬರದಾದರೂ ಗುಮಾನಿ ಮೊದಲು ಬೀಳುವುದು ಟೈಪು ಮಾಡಿದವರ ಮೇಲೆ ಎಂಬುದು ಕಛೇರಿಗಳ ಹಳೆಯ ನಿಯಮ.

ಧ್ವನಿ ಅಂಕಿಯಾದದ್ದು

ಡಿಜಿಟಲ್ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಬಹುದು. ಧ್ವನಿಯ ಅಲೆಯನ್ನು ಪ್ರತಿ ಸೆಕೆಂಡಿಗೆ ಸಾವಿರಾರು ಬಾರಿ ಅಳೆದು, ಆ ಅಳತೆಗಳನ್ನು ಸೊನ್ನೆ ಮತ್ತು ಒಂದರ ಸಾಲುಗಳಾಗಿ ಬರೆದಿಡುವುದು. ಟೆಲಿಫೋನ್ ಜಾಲದಲ್ಲಿ ಸೆಕೆಂಡಿಗೆ 8,000 ಅಳತೆ, ಒಂದೊಂದಕ್ಕೆ 8 ಬಿಟ್. ಒಟ್ಟು ಸೆಕೆಂಡಿಗೆ 64,000 ಬಿಟ್. ಮನುಷ್ಯನ ಮಾತಿಗೆ ಇಷ್ಟು ಬೇಕಾಗಿಲ್ಲ. 1990ರ ದಶಕದಲ್ಲಿ ಒಲಿಂಪಸ್, ಫಿಲಿಪ್ಸ್ ಮತ್ತು ಗ್ರುಂಡಿಗ್ ಕಂಪನಿಗಳು ಸೇರಿ ಮಾತಿಗೆಂದೇ ರೂಪಿಸಿದ ‘ಡಿ.ಎಸ್.ಎಸ್.’ ಎಂಬ ಮಾದರಿಯಲ್ಲಿ ಸೆಕೆಂಡಿಗೆ ಸುಮಾರು 14,000 ಬಿಟ್ ಸಾಕಾಯಿತು. ಹತ್ತು ನಿಮಿಷದ ಮಾತು ಸುಮಾರು ಒಂದು ಮೆಗಾಬೈಟಿನಲ್ಲಿ ಅಡಗಿತು. ಆ ಕಾಲದ ನಿಧಾನದ ತಂತಿಗಳ ಮೇಲೂ ಅದನ್ನು ಕಳಿಸಬಹುದಾಗಿತ್ತು.

ಆದರೆ ವಕೀಲರ ಸಂಸ್ಥೆಗಳು ಇದಕ್ಕೆ ಮನಸೋತದ್ದು ಧ್ವನಿಯ ಗುಣಕ್ಕಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ವಕೀಲರು ಮಾತಾಡಿ ಮುಗಿಸಿ, ಕ್ಯಾಸೆಟ್ಟನ್ನು ಫೈಲಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ ಕಾರ್ಯದರ್ಶಿಯ ಮೇಜಿನ ಮೇಲಿಡುತ್ತಿದ್ದರು. ತುರ್ತಿನದು ಅಡಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಒಬ್ಬರ ಮೇಜಿನ ಮೇಲೆ ರಾಶಿ, ಪಕ್ಕದವರಿಗೆ ಕೆಲಸವಿಲ್ಲ. ಲಂಡನ್ನಿನ ಬಿಗ್‌ಹ್ಯಾಂಡ್, ನ್ಯೂಜಿಲೆಂಡ್ ಮೂಲದ ವಿನ್‌ಸ್ಕ್ರೈಬ್ ಮುಂತಾದ ಕಂಪನಿಗಳ ತಂತ್ರಾಂಶ ಬಗೆಹರಿಸಿದ್ದು ಈ ತೊಡಕನ್ನು. ವಕೀಲರು ಎಲ್ಲಿಂದಲೇ ಮಾತಾಡಲಿ, ಕೇಸಿನ ಸಂಖ್ಯೆ, ಕಕ್ಷಿಗಾರರ ಹೆಸರು, ಗಡುವು, ತುರ್ತು ಎಲ್ಲವನ್ನೂ ಹೊತ್ತುಕೊಂಡು ಆ ಧ್ವನಿಯ ಕಡತ ಗೂಢಲಿಪಿಯಲ್ಲಿ ಕೇಂದ್ರದ ಗಣಕಕ್ಕೆ ಹೋಗುತ್ತದೆ. ಬಿಡುವಿರುವ ಬೆರಳಚ್ಚುಗಾರರ ಸರದಿಗೆ ಬೀಳುತ್ತದೆ. ಯಾವುದು ಯಾರ ಬಳಿ ಎಷ್ಟು ಹೊತ್ತಿನಿಂದ ಇದೆ ಎಂಬುದು ಮೇಲ್ವಿಚಾರಕರ ಪರದೆಯ ಮೇಲೆ ಕಾಣುತ್ತದೆ. ಓದುಗರಲ್ಲಿ ಸರಕಾರಿ ನೌಕರರಿದ್ದರೆ ಥಟ್ಟನೆ ಗುರುತಿಸಿಯಾರು: ಇದು ನಮ್ಮ ಡೈರಿ ಮತ್ತು ಡಿಸ್ಪ್ಯಾಚ್ ರಿಜಿಸ್ಟರೇ. ಇಂಗ್ಲೆಂಡಿನ ವಕೀಲರು ಹಣ ಕೊಟ್ಟು ಕೊಂಡದ್ದು, ನಮ್ಮ ಸೆಕ್ಷನ್ನಿನ ಮೂಲೆಯಲ್ಲಿ ಕುಳಿತ ಡೈರಿ ಗುಮಾಸ್ತರ ವಿದ್ಯೆಯನ್ನು.

ಕೇಳುವವರು ಬೆಂಗಳೂರಿಗೆ ಬಂದರು

ಧ್ವನಿ ಅಂಕಿಯಾದ ಮೇಲೆ ಪಕ್ಕದ ಕೋಣೆಗೂ ಪಕ್ಕದ ಖಂಡಕ್ಕೂ ವ್ಯತ್ಯಾಸ ಉಳಿಯಲಿಲ್ಲ. ನ್ಯೂಯಾರ್ಕಿನಲ್ಲಿ ಸಂಜೆಯಾದಾಗ ನಮ್ಮಲ್ಲಿ ಬೆಳಗಾಗುವ ಹೊತ್ತು. ಅಲ್ಲಿನ ವೈದ್ಯರು ಟೆಲಿಫೋನಿನಲ್ಲಿ ಹೇಳಿಟ್ಟ ರೋಗಿಯ ವಿವರ, ಅವರು ನಿದ್ದೆಮಾಡಿ ಏಳುವಷ್ಟರಲ್ಲಿ ಅಚ್ಚುಕಟ್ಟಾಗಿ ಟೈಪಾಗಿ ಸಿದ್ಧ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಬೇರೂರಿದ ‘ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್’ ಉದ್ಯೋಗ ಇದೇ. ನಮ್ಮೊಡನೆ ಬಿ.ಎಸ್ಸಿ. ಮಾಡಿದವರಲ್ಲಿ, ಅದರಲ್ಲೂ ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರ ಓದಿದವರಲ್ಲಿ, ಕೆಲವರು ಕಿವಿಗೆ ಹೆಡ್‌ಫೋನು, ಕಾಲಿಗೆ ಪೆಡಲು ಹಾಕಿಕೊಂಡದ್ದು ಆಗಲೇ. 65 ಅಕ್ಷರಗಳಿಗೆ ಒಂದು ಸಾಲೆಂದು ಎಣಿಸಿ, ಸಾಲಿನ ಲೆಕ್ಕದಲ್ಲಿ ಕೂಲಿ ಕಟ್ಟುವ ಪದ್ಧತಿ ಆ ಉದ್ಯೋಗದ್ದು.

ಅವರಿಗೆ ಕಲಿಸುತ್ತಿದ್ದ ಪಾಠಗಳಲ್ಲಿ ನಮಗೆ ಮೆಚ್ಚುಗೆಯಾದದ್ದು ಒಂದಿದೆ. ವೈದ್ಯರ ಮಾತು ಸ್ಪಷ್ಟವಾಗಿ ಕೇಳಿಸದಿದ್ದರೆ ಊಹಿಸಿ ತುಂಬಬಾರದು. ಆ ಜಾಗವನ್ನು ಖಾಲಿ ಬಿಟ್ಟು, ಗುರುತು ಹಾಕಿ ಮರಳಿಸಬೇಕು. ಯಾಕೆಂದರೆ ‘ಹೈಪೊ’ ಮತ್ತು ‘ಹೈಪರ್’ ಎಂಬ ಎರಡು ಶಬ್ದಗಳ ನಡುವೆ ಒಂದು ಜೀವ ತೂಗುತ್ತಿರುತ್ತದೆ. ಒಂದರಲ್ಲಿ ರಕ್ತದ ಒತ್ತಡ ಇಳಿದಿದೆ, ಇನ್ನೊಂದರಲ್ಲಿ ಏರಿದೆ. ವ್ಯಾಸರ ಕರಾರು ಅಮೆರಿಕದ ಆಸ್ಪತ್ರೆಗಳನ್ನು ಸುತ್ತಿ ಬೆಂಗಳೂರಿಗೆ ಮರಳಿ ಬಂದದ್ದು ಹೀಗೆ.

ದೂರ ಹೆಚ್ಚಿದಂತೆ ತೊಂದರೆಗಳೂ ಹೆಚ್ಚಿದವು. 2003ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಒಂದು ವಿಶ್ವವಿದ್ಯಾನಿಲಯದ ಆಸ್ಪತ್ರೆಗೆ ಕರಾಚಿಯಿಂದ ಬೆದರಿಕೆ ಬಂತು: ಕೂಲಿ ಕೊಡಿಸದಿದ್ದರೆ ರೋಗಿಗಳ ಕಾಗದಪತ್ರಗಳನ್ನು ಬಹಿರಂಗಪಡಿಸುವುದಾಗಿ. ಕೆಲಸವು ಗುತ್ತಿಗೆ, ಒಳಗುತ್ತಿಗೆ ಎಂದು ಕೈಯಿಂದ ಕೈಗೆ ದಾಟಿ ಅಲ್ಲಿಗೆ ತಲುಪಿತ್ತು. ಬರೆದವರಿಗೆ ಹಣ ಮುಟ್ಟಿರಲಿಲ್ಲ. ಬೆದರಿಕೆಯನ್ನು ಯಾರೂ ಸಮರ್ಥಿಸರು. ಆದರೆ ಕೆಲಸ ಯಾರ ಕೈಸೇರಿದೆ ಎಂಬುದೇ ಆಸ್ಪತ್ರೆಗೆ ತಿಳಿದಿರಲಿಲ್ಲವೆಂಬುದನ್ನು ಮರೆಯುವಂತಿಲ್ಲ.

ಕೇಳುವವರೇ ಇಲ್ಲದ ಬರಹ

ಇತ್ತ ಮಾತನ್ನು ತಾನೇ ಅಕ್ಷರವಾಗಿಸುವ ಯಂತ್ರದ ಪ್ರಯತ್ನ ನಡೆದಿತ್ತು. ಅಮೆರಿಕದ ಜೇಮ್ಸ್ ಮತ್ತು ಜಾನೆಟ್ ಬೇಕರ್ ದಂಪತಿಗಳ ಕಂಪನಿ 1997ರಲ್ಲಿ ‘ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್’ ತಂತ್ರಾಂಶವನ್ನು ಹೊರತಂದಿತು. ಬಿಡಿ ಬಿಡಿಯಾಗಿ ಅಲ್ಲದೆ ಸಹಜವಾಗಿ ಆಡಿದ ಮಾತನ್ನೇ ಅದು ಬರೆಯಬಲ್ಲದಾಗಿತ್ತು. 2000ದಲ್ಲಿ ಬೆಲ್ಜಿಯಮ್ಮಿನ ಲರ್ನೌಟ್ ಮತ್ತು ಹೌಸ್ಪಿ ಕಂಪನಿಯು ಈ ಡ್ರ್ಯಾಗನ್ನನ್ನೂ ಹಳೆಯ ಡಿಕ್ಟಾಫೋನನ್ನೂ ಒಟ್ಟಿಗೆ ನುಂಗಿತು. ಲೆಕ್ಕದಲ್ಲಿ ಮೋಸ ಬಯಲಾಗಿ 2001ರಲ್ಲಿ ಅದೇ ಮುಳುಗಿತು. ಬೇಕರ್ ದಂಪತಿಗಳಿಗೆ ಸಂದಿದ್ದ ಶೇರುಗಳು ಕಾಗದದ ಚೂರುಗಳಾದವು. 2006ರಲ್ಲಿ ಡಿಕ್ಟಾಫೋನ್ ನುಯಾನ್ಸ್ ಎಂಬ ಕಂಪನಿಯ ಪಾಲಾಯಿತು. 2022ರಲ್ಲಿ ಆ ನುಯಾನ್ಸನ್ನು ಮೈಕ್ರೋಸಾಫ್ಟ್ ಕೊಂಡಿತು. ಗ್ರಹಾಂ ಬೆಲ್ಲರ ಪ್ರಯೋಗಶಾಲೆಯ ಮೇಣದ ಉರುಳೆಯ ವಂಶ ಹೀಗೆ ಕೈಯಿಂದ ಕೈಗೆ ಸಾಗಿದೆ. ನಡುವೆ, 2017ರ ಜೂನಿನಲ್ಲಿ, ‘ನಾಟ್‌ಪೆಟ್ಯಾ’ ಎಂಬ ಗಣಕ ವೈರಸ್ಸು ನುಯಾನ್ಸಿಗೆ ತಗುಲಿ ಅದನ್ನು ನಂಬಿದ್ದ ಆಸ್ಪತ್ರೆಗಳ ಬರವಣಿಗೆಯ ಕೆಲಸ ನಿಂತುಹೋಯಿತು. ನೂರು ಆಸ್ಪತ್ರೆಗಳಿಗೆ ಒಬ್ಬನೇ ಗುಮಾಸ್ತನಾದರೆ ಅವನ ಒಂದು ಜ್ವರ ನೂರು ಕಡೆ ರಜೆ.

ನಮ್ಮ ಭಾಷೆಗೂ ಈ ಸೌಕರ್ಯ ಬಂದಿದೆ. 2017ರಲ್ಲಿ ಗೂಗಲ್ ಕಂಪನಿ ಕನ್ನಡವೂ ಸೇರಿದಂತೆ ಭಾರತದ ಎಂಟು ಭಾಷೆಗಳಲ್ಲಿ ಮಾತಿನಿಂದ ಅಕ್ಷರ ಮೂಡಿಸುವ ವ್ಯವಸ್ಥೆಯನ್ನು ಒದಗಿಸಿತು. ಊರಿನಿಂದ ದೂರವಿದ್ದು ಕನ್ನಡ ಬರೆಯುವ ಅಭ್ಯಾಸ ತಪ್ಪಿದ ಎಷ್ಟೋ ಮನೆಗಳಲ್ಲಿ ಇಂದು ಅಜ್ಜಿ ಫೋನಿಗೆ ಹೇಳುತ್ತಾರೆ, ಅದು ಬರೆಯುತ್ತದೆ. ಇದು ಸಣ್ಣ ಲಾಭವೇನಲ್ಲ.

ಗಣಪತಿಯ ಕರಾರು ಹೀಗೆ ಸಂಪೂರ್ಣವಾಗಿ ಈಡೇರಿದೆ. ವ್ಯಾಸರ ಕರಾರು? 2024ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದವರೂ ಸೇರಿದಂತೆ ಕೆಲವು ಸಂಶೋಧಕರು ‘ವಿಸ್ಪರ್’ ಎಂಬ ಹೆಸರಾಂತ ಯಂತ್ರಲೇಖಕವನ್ನು ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶ ಯೋಚನೆಗೆ ಹಚ್ಚುವಂಥದು. ಅವರು ಕೇಳಿಸಿದ ಧ್ವನಿತುಣುಕುಗಳಲ್ಲಿ ಸುಮಾರು ನೂರಕ್ಕೆ ಒಂದರಲ್ಲಿ, ಯಾರೂ ಆಡದ ವಾಕ್ಯಗಳನ್ನು ಯಂತ್ರ ತಾನಾಗಿ ಸೃಷ್ಟಿಸಿ ಬರೆದಿತ್ತು. ಅದೂ ಮಾತಿನ ನಡುವೆ ಮೌನ ಹೆಚ್ಚಿದ್ದಲ್ಲಿ ಹೆಚ್ಚು. ಬೆಂಗಳೂರಿನ ಹುಡುಗಿ ಖಾಲಿ ಬಿಡುತ್ತಿದ್ದ ಜಾಗವನ್ನು ಯಂತ್ರ ಖಾಲಿ ಬಿಡಲಿಲ್ಲ. ಅಳುಕಿಲ್ಲದೆ, ವ್ಯಾಕರಣ ತಪ್ಪದೆ, ತುಂಬಿಬಿಟ್ಟಿತು. ಪಾರ್ಶ್ವವಾಯು ಮುಂತಾದ ಕಾರಣಗಳಿಂದ ಮಾತು ತಡವರಿಸುವವರ ದನಿಯೇ ಇಲ್ಲಿ ಹೆಚ್ಚು ಬಲಿಯಾದದ್ದು ಎಂಬುದು ಇನ್ನೂ ದುಃಖದ ಸಂಗತಿ.

ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳಬರಾದ ಒಬ್ಬ ಸ್ಟೆನೋ ಇದ್ದರು. ಸಾಹೇಬರು ಹೇಳುತ್ತಿರುವಾಗಲೇ ಪೆನ್ಸಿಲ್ ಎತ್ತಿ, “ಸಾರ್, ಹೋದ ತಿಂಗಳ ಕಾಗದದಲ್ಲಿ ನಾವೇ ಬೇರೆ ತಾರೀಖು ಕೊಟ್ಟಿದ್ದೇವಲ್ಲ?” ಎನ್ನುವರು. ಸಾಹೇಬರು ಒಂದು ಕ್ಷಣ ಸಿಡುಕಿ, ಫೈಲು ತರಿಸಿ ನೋಡಿ, ತಿದ್ದಿ ಹೇಳುವರು. ಕೇಂದ್ರ ಸರಕಾರದ ಸ್ಟೆನೋ ಪರೀಕ್ಷೆಯಲ್ಲಿ ನಿಮಿಷಕ್ಕೆ 80 ಪದವೋ 100 ಪದವೋ ಎಂದು ಅಳೆಯುತ್ತಾರೆ. ಆ ಪೆನ್ಸಿಲ್ ಎತ್ತುವ ವಿದ್ಯೆಗೆ ಅಂಕಗಳಿಲ್ಲ. ಅಂಕವಿಲ್ಲದ ವಿದ್ಯೆಯಾದ್ದರಿಂದಲೇ, ಯಂತ್ರ ಕೊಳ್ಳುವಾಗ ಉಳಿತಾಯದ ಲೆಕ್ಕ ಹಾಕುವವರ ಕಣ್ಣಿಗೆ ಅದು ಬೀಳುವುದಿಲ್ಲ.

ಯಂತ್ರ ಬೇಡವೆನ್ನುವುದು ನಮ್ಮ ವಾದವಲ್ಲ. ನಮ್ಮ ಸರ್ವೋಚ್ಚ ನ್ಯಾಯಾಲಯದ ಉದಾಹರಣೆಯನ್ನೇ ನೋಡಬಹುದು. 2023ರ ಫೆಬ್ರವರಿ 21ರಂದು ಸಂವಿಧಾನ ಪೀಠದ ವಿಚಾರಣೆಯಲ್ಲಿ ಮೊದಲ ಬಾರಿಗೆ ವಾದವಿವಾದವನ್ನು ಯಂತ್ರವು ಆಗಿಂದಾಗಲೇ ಅಕ್ಷರಕ್ಕಿಳಿಸಿ ಪರದೆಯ ಮೇಲೆ ತೋರಿಸಿತು. ಅದನ್ನು ಒದಗಿಸಿದ್ದು ಬೆಂಗಳೂರಿನ ಕಂಪನಿಯೇ. ಆದರೆ ಆ ಬರಹವನ್ನು ಹಾಗೆಯೇ ಅಂತಿಮವೆಂದು ಮುದ್ರೆಯೊತ್ತದೆ, ಪರಿಶೀಲಿಸಲು ವಕೀಲರ ಕೈಗೆ ಕೊಡುವ ಏರ್ಪಾಡನ್ನೂ ಮಾಡಲಾಯಿತು. ವೇಗ ಯಂತ್ರದ ಪಾಲಿಗೆ, ಅರ್ಥದ ಹೊಣೆ ಮನುಷ್ಯರ ಪಾಲಿಗೆ. ಈ ವಿಭಾಗ ಸರಿಯಾದದ್ದು.

ಹಳೆಯ ಕಛೇರಿ ಪತ್ರಗಳ ಎಡಬದಿಯ ಕೆಳಮೂಲೆಯನ್ನು ಓದುಗರಲ್ಲಿ ಹಿರಿಯರು ನೋಡಿರಬಹುದು. ಅಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹೇಳಿದವರ ಹೆಸರಿನ ಮೊದಲಕ್ಷರಗಳು, ಒಂದು ಓರೆಗೆರೆ, ಆಮೇಲೆ ಸಣ್ಣಕ್ಷರಗಳಲ್ಲಿ ಟೈಪು ಮಾಡಿದವರವು. ಪತ್ರದಲ್ಲಿ ಎಡವಟ್ಟಾದರೆ ಯಾರನ್ನು ಕೇಳಬೇಕೆಂಬುದು ಆ ಓರೆಗೆರೆಯ ಎರಡು ಬದಿಗೂ ಬರೆದಿರುತ್ತಿತ್ತು. ಈಗಿನ ತಂತ್ರಾಂಶಗಳು ಕಡತ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಹೋಯಿತು ಎಂಬುದನ್ನೆಲ್ಲ ಬರೆದಿಡುತ್ತವೆ. ಇಂಥ ಯಂತ್ರವನ್ನು ಕೊಳ್ಳಲು ಟಿಪ್ಪಣಿ ಮಂಡಿಸುವವರು, ಮಂಜೂರು ಮಾಡುವವರು ಒಂದು ಷರತ್ತನ್ನು ಸೇರಿಸಿದರೆ ಸಾಕು: ಕೇಳಿ, ಅರ್ಥಮಾಡಿಕೊಂಡು, ಸರಿಯಿದೆ ಎಂದು ನೋಡಿದವರ ಹೆಸರು ಆ ಸಣ್ಣಕ್ಷರಗಳ ಜಾಗದಲ್ಲಿ ಇರಬೇಕು, ಮತ್ತು ಆ ಕೆಲಸಕ್ಕೆ ಅವರಿಗೆ ಸಂಬಳ ಸಲ್ಲಬೇಕು.